ಪರಿಶೀಲಿಸಿ ಮಂಡಿಸಿ

ಮನೆಯ ಯಜಮಾನ ಯಾರು ಎಂಬ ಪ್ರಶ್ನೆಗೆ ರೇಷನ್ ಕಾರ್ಡಿನಲ್ಲಿ ಒಂದು ಉತ್ತರವಿರುತ್ತದೆ, ಟಿವಿ ರಿಮೋಟಿನ ಮುಂದೆ ಇನ್ನೊಂದು. ಕಂಪ್ಯೂಟರಿಗೆ ಈ ಎರಡೂ ಒಪ್ಪಿಗೆಯಿಲ್ಲ. ದುಡ್ಡು ಕೊಟ್ಟು ತಂದವರು ನಾವು, ಕರೆಂಟ್ ಬಿಲ್ ಕಟ್ಟುವವರು ನಾವು, ಹಳೇ ಬನಿಯನ್ನಿನಿಂದ ಅದರ ಧೂಳು ಒರೆಸುವವರೂ ನಾವೇ. ಆದರೂ ಜಾಗ ತಿನ್ನುತ್ತಿದೆಯೆಂದು ಯಾವುದೋ ಒಂದು ಫೈಲನ್ನು ಅಳಿಸಹೋದರೆ, ಇದಕ್ಕೆ ಅನುಮತಿ ಬೇಕು ಅನ್ನುತ್ತದೆ. ಯಾರ ಅನುಮತಿ ಎಂದು ಕಣ್ಣರಳಿಸಿದರೆ ಅಲ್ಲಿರುವ ಹೆಸರು ‘ಟ್ರಸ್ಟೆಡ್‌ಇನ್‌ಸ್ಟಾಲರ್’.

ನಮ್ಮ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು ಈ ಹೆಸರನ್ನು ಮೊದಲ ಸಲ ಕಂಡಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. “ಯಾರು ಸ್ವಾಮಿ ಈ ಆಸಾಮಿ? ನಮ್ಮನೆಗೆ ಯಾವಾಗ ಸೇರ್ಕೊಂಡ?” ಎಂದು ನನ್ನನ್ನು ಕೇಳಿದರು. ಅವನು ಮನುಷ್ಯನಲ್ಲ, ವಿಂಡೋಸಿನ ಸ್ವಂತ ಫೈಲುಗಳನ್ನು ಕಾಯುವುದಕ್ಕೆಂದು ಅದರ ವಿಸ್ಟಾ ಆವೃತ್ತಿಯ ಕಾಲದಿಂದ ಇರುವ ಒಂದು ಸೇವೆ, ಅಪ್‌ಡೇಟ್ ಬಂದಾಗ ಹಳೆಯದನ್ನು ತೆಗೆದು ಹೊಸದನ್ನಿಡುವ ಹಕ್ಕು ಅವನದು, ಕಂಪ್ಯೂಟರಿನ ಮೇಲ್ವಿಚಾರಕ ಅಂದರೆ ಅಡ್ಮಿನ್ ಆದವನೂ ಆ ಫೈಲುಗಳನ್ನು ಓದಬಹುದೇ ಹೊರತು ಸುಮ್ಮನೆ ಅಳಿಸುವಂತಿಲ್ಲ ಎಂದು ತಿಳಿದಷ್ಟು ಹೇಳಿದೆ. ಅವರ ಮುಖ ಬೆಳಗಿತು. “ರೆಕಾರ್ಡ್ ರೂಮಿನವನು ಅನ್ನಿ! ತಹಸೀಲ್ದಾರ್ರೇ ಬಂದು ಕೇಳಿದ್ರೂ ನಕಲು ಕೊಡಬೇಕು, ಮೂಲ ಕಡತ ಹರಿಯೋಕೆ ಬಿಡಬಾರದು. ಸರಿಯಾಗೇ ಇದೆ ವ್ಯವಸ್ಥೆ.” ಕಡತಗಳ ನಡುವೆಯೇ ತಲೆ ನರೆಸಿಕೊಂಡವರಿಗೆ ಕಂಪ್ಯೂಟರ್ ಕಲಿಸುವುದು ಎಂಜಿನಿಯರುಗಳಿಗೆ ಕಲಿಸುವುದಕ್ಕಿಂತ ಸುಲಭ ಎಂಬುದು ಅಂದು ನನಗೆ ಖಾತರಿಯಾಯಿತು.

ಹಿಂದೆ ಇಷ್ಟೊಂದು ಶಿಸ್ತು ಇರಲಿಲ್ಲ. ವಿಂಡೋಸ್ 98ರಲ್ಲಿ ಪಾಸ್‌ವರ್ಡ್ ಕೇಳುವ ಚೌಕವೇನೋ ಬರುತ್ತಿತ್ತು. ಎಸ್ಕೇಪ್ ಕೀಲಿ ಒತ್ತಿದರೆ ತೆಪ್ಪಗೆ ಒಳಗೆ ಬಿಡುತ್ತಿತ್ತು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಬೀಗ, ಚಿಲಕ ಎಲ್ಲ ಇದ್ದವು. ಆದರೆ ಮನೆಯಲ್ಲಿ ಅದನ್ನು ಹೊಸದಾಗಿ ಹಾಕುವಾಗ ಅಪ್ಪ, ಅಮ್ಮ, ಮಗ, ಮಗಳು ಎಂದು ಯಾರ ಹೆಸರು ಬರೆದರೂ ಅವರೆಲ್ಲ ಅಡ್ಮಿನ್‌ಗಳೇ ಆಗಿಬಿಡುತ್ತಿದ್ದರು. ಎಲ್ಲರೂ ತಹಸೀಲ್ದಾರರಾದ ತಾಲ್ಲೂಕು ಕಚೇರಿಯಲ್ಲಿ ಏನಾದೀತೋ ಅದೇ ಆಯಿತು. ಮಗ ತೆರೆದ ಯಾವುದೋ ಹಾಡಿನ ಫೈಲಿನೊಳಗೆ ಕೂತಿದ್ದ ವೈರಸ್ಸೂ ತಹಸೀಲ್ದಾರನಾಗಿ ಸಹಿ ಹಾಕುತ್ತಾ ಹೋಯಿತು.

ಇದಕ್ಕೆ ಮದ್ದೆಂದು 2007ರಲ್ಲಿ ವಿಸ್ಟಾದೊಡನೆ ಬಂದದ್ದು ಯೂಸರ್ ಅಕೌಂಟ್ ಕಂಟ್ರೋಲ್. ಏನು ಮಾಡಹೊರಟರೂ ಪರದೆ ಮಬ್ಬಾಗಿ ‘ಮುಂದುವರಿಯಲೇ?’ ಎಂಬ ಪ್ರಶ್ನೆ. ಜನ ರೋಸಿಹೋದರು. ಆಪಲ್ ಕಂಪನಿ ಇದನ್ನೇ ಅಣಕಿಸಿ ಜಾಹೀರಾತು ಮಾಡಿತು. 2008ರಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಒಂದು ಸಮ್ಮೇಳನದಲ್ಲಿ, ಇದನ್ನು ಹಾಕಿದ್ದೇ ಬಳಕೆದಾರರಿಗೆ ಕಿರಿಕಿರಿ ಮಾಡಲಿಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಕಿರಿಕಿರಿಯಾದ ಜನ ತಂತ್ರಾಂಶ ಬರೆದವರನ್ನು ಬೈಯಲಿ, ಅವರು ಕ್ಯಾಲ್ಕುಲೇಟರಿಗೂ ಅಡ್ಮಿನ್ ಅಧಿಕಾರ ಕೇಳುವ ಚಾಳಿ ಬಿಡಲಿ ಎಂಬುದು ಅದರ ಹಿಂದಿನ ಲೆಕ್ಕ. ಕಿರಿಕಿರಿಯನ್ನು ಹೀಗೆ ಯೋಜನೆ ಹಾಕಿ ಹಂಚಿದ್ದನ್ನು ಕೇಳಿ ಶಿರಸ್ತೇದಾರರಿಗೆ ಗೌರವ ಉಕ್ಕಿತು. “ನಾವೂ ಮಾಡ್ತಿದ್ವಿ, ಆದ್ರೆ ಹಿಂಗೆ ಮೈಕ್ ಮುಂದೆ ಒಪ್ಕೋತಿರಲಿಲ್ಲ” ಎಂದರು.

ಪರದೆ ಮಬ್ಬಾಗುವುದಕ್ಕೂ ಕಾರಣವಿದೆ. ಆ ಹೊತ್ತಿನಲ್ಲಿ ಉಳಿದ ಪ್ರೋಗ್ರಾಂಗಳ ಕೈ ಕಟ್ಟಿರುತ್ತದೆ. ನಮ್ಮ ಪರವಾಗಿ ತಾವೇ ‘ಹೌದು’ ಒತ್ತಿಬಿಡಲು ಅವಕ್ಕೆ ಆಗುವುದಿಲ್ಲ. ನಾವು ಅಡ್ಮಿನ್ ಆಗಿ ಒಳಬಂದಿದ್ದರೂ ದಿನದ ಕೆಲಸವೆಲ್ಲ ಸಾಮಾನ್ಯನ ಅಧಿಕಾರದಲ್ಲೇ ನಡೆಯುತ್ತಿರುತ್ತದೆ. ಮೊಹರು ಡ್ರಾಯರಿನಲ್ಲಿರುತ್ತದೆ, ‘ಹೌದು’ ಅಂದಾಗ ಮಾತ್ರ ಹೊರಬರುತ್ತದೆ.

ನನ್ನ ಮಗನದು ಉಬುಂಟು ಪಂಥ. ವಿಂಡೋಸ್ ಅಂದರೆ ಮೂಗು ಮುರಿಯುತ್ತಾನೆ. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕೂತು ಶುರುಮಾಡಿದ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ವಂಶ ಉಬುಂಟುವಿನದು. ಅಲ್ಲಿ ಪ್ರತಿ ಫೈಲಿಗೂ ಮೂರು ಪಂಗಡ: ಮಾಲೀಕ, ಗುಂಪು, ಉಳಿದವರು. ಒಂದೊಂದು ಪಂಗಡಕ್ಕೂ ಮೂರು ಹಕ್ಕು: ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಕೂಡಿದರೆ ಏಳು. 644 ಅಂದರೆ ಮಾಲೀಕ ಓದಿ ಬರೆಯಬಹುದು, ಮಿಕ್ಕವರು ಓದಬಹುದಷ್ಟೇ. ಇಷ್ಟನ್ನು ಶಿರಸ್ತೇದಾರರು ಕಾಫಿ ಆರುವಷ್ಟರಲ್ಲಿ ಕಲಿತರು. “777 ಅಂದ್ರೆ ಏನು ಹೇಳಿ ತಾತ?” ಎಂದು ಮಗ ಪರೀಕ್ಷೆ ಮಾಡಿದ. “ಎಲ್ಲರಿಗೂ ಎಲ್ಲ. ಅಂದ್ರೆ ಗೋಮಾಳ. ಒತ್ತುವರಿ ಆಗೇ ಆಗುತ್ತೆ” ಎಂದರು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಸಲಹೆ ನಂಬಿ ಎಲ್ಲ ಫೋಲ್ಡರಿಗೂ 777 ಹಾಕುವವರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಆ ವಂಶದಲ್ಲಿ ಸರ್ವಾಧಿಕಾರಿಯ ಹೆಸರು ರೂಟ್. ಉಬುಂಟುವಿನಲ್ಲಿ ಅವನನ್ನು ಮಲಗಿಸಿಯೇ ಇಟ್ಟಿರುತ್ತಾರೆ. ಅವನ ಅಧಿಕಾರ ಬೇಕಾದಾಗ ‘ಸುಡೊ’ ಎಂದು ಬರೆದು ನಮ್ಮದೇ ಪಾಸ್‌ವರ್ಡ್ ಕೊಟ್ಟು ಒಂದು ಕೆಲಸದ ಮಟ್ಟಿಗೆ ಕಡ ಪಡೆಯಬೇಕು. ಇದು 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮೊದಲ ಸಲ ಬಳಸುವವರಿಗೆ ಸುಡೊ ಉಪದೇಶ ಮಾಡುವ ಪದ್ಧತಿಯೂ ಉಂಟು: ಬೇರೆಯವರ ಖಾಸಗಿತನ ಗೌರವಿಸು, ಟೈಪ್ ಮಾಡುವ ಮುಂಚೆ ಯೋಚಿಸು, ಅಧಿಕಾರ ದೊಡ್ಡದಾದಷ್ಟೂ ಹೊಣೆ ದೊಡ್ಡದು. ಪ್ರಮಾಣವಚನ ಸ್ವೀಕರಿಸುವ ಮಂತ್ರಿಗಳಿಗೂ ಇಷ್ಟು ಚುಟುಕಾಗಿ ಯಾರೂ ಹೇಳುವುದಿಲ್ಲ. ಅಧಿಕಾರವಿಲ್ಲದವನು ಸುಡೊ ಅಂದರೆ ‘ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂಬ ಬೆದರಿಕೆ ಬಹುಕಾಲ ಬರುತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿ ಆ ವರದಿ ಹೋಗುತ್ತಿದ್ದದ್ದು ಯಾರೂ ತೆರೆದು ನೋಡದ ಲಾಗ್ ಫೈಲಿಗೆ. ಸರ್ಕಾರಿ ಪದ್ಧತಿ ಇದಕ್ಕಿಂತ ಬೇರೆಯಲ್ಲ.

ಶಿರಸ್ತೇದಾರರ ನಿಜವಾದ ಪ್ರತಿಭೆ ಹೊರಬಿದ್ದದ್ದು ಅವರ ಹಳೆಯ ಕಂಪ್ಯೂಟರ್ ಸತ್ತಾಗ. ಅದರ ಹಾರ್ಡ್ ಡಿಸ್ಕನ್ನು ಹೊಸದಕ್ಕೆ ಜೋಡಿಸಿದರೆ, ಮಗಳ ಮದುವೆಯ ಫೋಟೋ ಇದ್ದ ಫೋಲ್ಡರ್ ಬಾಗಿಲು ತೆರೆಯಲಿಲ್ಲ. ಮಾಲೀಕರ ಜಾಗದಲ್ಲಿ ಹೆಸರಿಲ್ಲ. ಎಸ್-1-5-21 ಎಂದು ಶುರುವಾಗುವ ಮಾರುದ್ದದ ಅಂಕಿ. ವಿಂಡೋಸ್ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಈ ಅಂಕಿಯಿಂದ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಅಂಕಿ ಬೇರೆ, ಆಸಾಮಿ ಬೇರೆ. “ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಮುಂದುವರಿದಿದೆ ಅಷ್ಟೇ. ಖಾತೆ ಬದಲಾಯಿಸಿ” ಎಂದು ಅವರು ಆಜ್ಞೆ ಮಾಡಿದರು. ಅಡ್ಮಿನ್ ಆದವನಿಗೆ ಆ ಹಕ್ಕಿದೆ. ಮಾಲೀಕರ ಜಾಗದಲ್ಲಿ ಅವರ ಹೊಸ ಹೆಸರು ಹಾಕಿದೆವು, ಒಂದೊಂದೇ ಫೈಲಿನ ಖಾತೆ ಬದಲಾಗುತ್ತ ಹೋಯಿತು, ಮದುವೆ ಮಂಟಪ ಕಂಡಿತು. ಗಮನಿಸಿ, ಡಿಸ್ಕ್ ಕದ್ದವನೂ ತನ್ನ ಮನೆಯಲ್ಲಿ ಹೀಗೇ ಖಾತೆ ಮಾಡಿಸಿಕೊಳ್ಳಬಹುದು. ಅನುಮತಿ ಬೇರೆ, ಗೂಢಲಿಪಿ ಬೇರೆ. ಕಳ್ಳನ ಭಯವಿದ್ದರೆ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರಿನಂಥದ್ದು ಬೇಕು.

ಬೇಸಿಗೆ ರಜೆಗೆ ಬಂದ ಅವರ ಮೊಮ್ಮಗ ಪುಕ್ಕಟೆ ಆಟವೊಂದನ್ನು ಇಳಿಸಿ, ಕೇಳಿದ್ದಕ್ಕೆಲ್ಲ ‘ಹೌದು’ ಒತ್ತಿ, ಕಂಪ್ಯೂಟರನ್ನು ಜಾಹೀರಾತಿನ ಸಂತೆ ಮಾಡಿದ. ಶಿರಸ್ತೇದಾರರು ಬೈಯಲಿಲ್ಲ. ಅವನಿಗೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿಸಿದರು. ಈಗ ಏನಾದರೂ ಹಾಕಬೇಕೆಂದರೆ ಹುಡುಗ ‘ಮಾನ್ಯರೇ’ ಎಂದು ಅರ್ಜಿ ಬರೆಯಬೇಕು. ಅವರು ಮೂಲೆಯಲ್ಲಿ ಹಸಿರು ಶಾಯಿಯಿಂದ ‘ಪರಿಶೀಲಿಸಿ ಮಂಡಿಸಿ’ ಎಂದು ಷರಾ ಬರೆದು ನನ್ನ ಮಗನಿಗೆ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲೇ ಪ್ರಬಂಧ ಬರೆದಿದ್ದಾರೆಂದು ಹೇಳಿದೆ. “ನಮ್ಮ ಮ್ಯಾನ್ಯುಯಲ್‌ನಲ್ಲಿ ಅದಕ್ಕೂ ಮುಂಚೆ ಇತ್ತು” ಎಂದರು.

ಓದುಗರೇ, ನಿಮ್ಮ ಮನೆಯಲ್ಲೂ ಅಡ್ಮಿನ್ ಖಾತೆಯೊಂದನ್ನು ಬೇರೆಯಾಗಿಟ್ಟು, ನೀವೂ ಸೇರಿ ಎಲ್ಲರೂ ಸಾಮಾನ್ಯ ಖಾತೆಯಲ್ಲೇ ಕೆಲಸ ಮಾಡಿ. ಅಡ್ಮಿನ್ ಪಾಸ್‌ವರ್ಡನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿ. ನಿಮ್ಮ ಸ್ವಂತ ಫೈಲುಗಳನ್ನು ಕೆಡಿಸಲು ಯಾವ ದುಷ್ಟ ಪ್ರೋಗ್ರಾಮಿಗೂ ಅಡ್ಮಿನ್ ಅಧಿಕಾರ ಬೇಕಿಲ್ಲ, ನಿಮ್ಮದೇ ಸಾಕು. ಆದ್ದರಿಂದ ಅವುಗಳ ಒಂದು ನಕಲು ಬೇರೆ ಡಿಸ್ಕಿನಲ್ಲಿರಲಿ. ಪರದೆ ಮಬ್ಬಾದಾಗ ಕೇಳುತ್ತಿರುವವರ ಹೆಸರು ಓದಿ. ಪ್ರಕಾಶಕರು ಯಾರೋ ಗೊತ್ತಿಲ್ಲ ಎಂದಿದ್ದರೆ, ನೀವು ಕರೆಯದೆ ಬಂದದ್ದಾದರೆ, ‘ಇಲ್ಲ’ ಒತ್ತಿ. ‘ಇಲ್ಲ’ ಅಂದದ್ದನ್ನು ನಾಳೆ ‘ಹೌದು’ ಮಾಡಬಹುದು. ‘ಹೌದು’ ಅಂದದ್ದನ್ನು ‘ಇಲ್ಲ’ ಮಾಡುವುದು ಅಷ್ಟು ಸುಲಭವಲ್ಲ.