ಮಾಸ್ಕ್ ಎಸೆಯುವ ಮಾನ್ಯರಿಗೊಂದು ಅಭಿನಂದನಾ ಪತ್ರ

ಚಾಮರಾಜಪೇಟೆ,
ಆಗಸ್ಟ್ 2020

ಗೆ,
ಕತ್ತಲಾದ ಮೇಲೆ ಕನ್ಸರ್ವೆನ್ಸಿ ಗಲ್ಲಿಯ ಬಾಯಿಗೆ ಕಸದ ಕವರ್ ಎಸೆದು ಹೋಗುವ ಮಹನೀಯರಿಗೆ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರ. ಹತ್ತಿರ ಬರುವ ಹಾಗಿಲ್ಲ, ಆರಡಿ ದೂರದಿಂದಲೇ ಸ್ವೀಕರಿಸಿ.

ಕೊರೊನಾ ವಿಷಯದಲ್ಲಿ ತಮ್ಮ ಎಚ್ಚರ ಕಂಡು ಬೀದಿಯೇ ಬೆರಗಾಗಿದೆ. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ಕೊತ್ತಂಬರಿ ಕಟ್ಟಿಗೆ ಉಪ್ಪುನೀರು. ಪೇಪರ್ ಹಾಕುವ ಹುಡುಗ ಗೇಟು ಮುಟ್ಟುವಂತಿಲ್ಲ. ಇಷ್ಟೆಲ್ಲ ಮಡಿ ಮಾಡಿ, ಬಳಸಿದ ಮಾಸ್ಕನ್ನು ಮಾತ್ರ ನಿನ್ನೆಯ ಹುಳಿ, ಬಾಳೆಹಣ್ಣಿನ ಸಿಪ್ಪೆ, ಒಡೆದ ಟಾನಿಕ್ ಶೀಶೆಯ ಜೊತೆ ಒಂದೇ ಕವರಿಗೆ ತುರುಕಿ ಗಂಟು ಹಾಕುತ್ತೀರಿ. ಭೇದಭಾವವಿಲ್ಲದ ಸಹಪಂಕ್ತಿ ಭೋಜನ ತಮ್ಮ ಕಸದ ಬುಟ್ಟಿಯಲ್ಲಾದರೂ ನಡೆಯುತ್ತಿರುವುದು ಸಂತೋಷ.

ಬೆಳಿಗ್ಗೆ ಆ ಗಂಟು ಬಿಚ್ಚುವವರು ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ. ಆಟೋ ಟಿಪ್ಪರ್ ಪಕ್ಕ ನಿಂತು, ಹರಿದ ಕೈಗವಸಿನಿಂದ ಹೊರಗೆ ಇಣುಕುವ ಬೆರಳುಗಳಲ್ಲಿ, ಅನ್ನದ ಅಗುಳು ಮೆತ್ತಿದ ಮಾಸ್ಕನ್ನು ದಾರ ಹಿಡಿದು ಎಳೆಯುತ್ತಾರೆ. ಮಾರ್ಚ್ 22ರ ಸಂಜೆ 5ಕ್ಕೆ ಕೊರೊನಾ ಸೇವೆಯಲ್ಲಿರುವವರಿಗೆ ಕೃತಜ್ಞತೆಯೆಂದು ತಾವು ಬಾಲ್ಕನಿಯಲ್ಲಿ ತಟ್ಟೆ ಬಡಿದದ್ದು ಇವರಿಗೂ ಸೇರಿಯೇ ಅಲ್ಲವೇ?

ಬಳಸಿದ ಮಾಸ್ಕನ್ನು ಕತ್ತರಿಸಿ, ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು ಆಮೇಲೆ ಕಸಕ್ಕೆ ಹಾಕಿ ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಮನೆಯಲ್ಲಿ ಸೋಂಕಿತರಿದ್ದರೆ ಅವರ ಮಾಸ್ಕಿಗೆ ಹಳದಿ ಚೀಲವೇ ಬೇಕು. ಆದರೆ ಹಳದಿ ಚೀಲ ಗೇಟಿನ ಮುಂದೆ ಕಂಡರೆ ಮನೆತನದ ಮಾನ ಉಳಿದೀತೇ? ಅದಕ್ಕೇ ಕಪ್ಪು ಕವರು, ಕತ್ತಲ ಹೊತ್ತು. ತಮ್ಮ ವಿವೇಕಕ್ಕೆ ಮೆಚ್ಚಲೇಬೇಕು.

1892ರಲ್ಲಿ ಈ ಬಡಾವಣೆ ಹಾಕಿದವರು ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟದ್ದು ಊರು ಚೊಕ್ಕಟವಾಗಿರಲೆಂದು. ಆರೇ ವರ್ಷಕ್ಕೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಹಳೇ ಪೇಟೆಯಿಂದ ಜನ ಹೊರಬಿದ್ದರು; ಬಸವನಗುಡಿ, ಮಲ್ಲೇಶ್ವರ ಬೆಳೆದವು. ಈಗಲೂ ಹಾಗೇ ಓಡಿಹೋಗಿ ಹೊಸ ಬಡಾವಣೆ ಕಟ್ಟೋಣವೆಂದರೆ, ಸೈಟಿನ ರೇಟು ತಮಗೆ ಗೊತ್ತೇ ಇದೆ.

ಆದ್ದರಿಂದ ಒಂದು ಅರಿಕೆ. ಹಸಿ ಕಸ ಹಸಿರು ಬುಟ್ಟಿಗೆ, ಒಣ ಕಸ ಚೀಲಕ್ಕೆ. ಮೂರು ದಿನ ಕಾದ ಮಾಸ್ಕು ಕಾಗದದಲ್ಲಿ ಸುತ್ತಿ ಕೆಂಪು ಬುಟ್ಟಿಗೆ. ತಾವು ಮುಟ್ಟಲು ಅಂಜುವುದನ್ನು ಇನ್ನೊಬ್ಬರ ಕೈಗೆ ದಾಟಿಸಬೇಡಿ.

ಇತಿ,
ತಮ್ಮ ನೆರೆಯವ

ವಿ.ಸೂ.: ತಮ್ಮ ಕವರಿನಲ್ಲಿ ಕೊರಿಯರ್ ಚೀಟಿಗಳೂ ಇರುತ್ತವೆ. ಹೆಸರು, ಮನೆ ನಂಬರು, ಮೊಬೈಲ್ ನಂಬರು, ಎಲ್ಲವೂ ಸ್ಪಷ್ಟವಾಗಿ ಓದಲು ಬರುತ್ತವೆ.