ಐದು ಮೀಟರ್ ಹೆಚ್ಚಿನ ಆಸೆ

ಗೋಕಾಕದಲ್ಲಿ ಹುಟ್ಟಿದವನಿಗೆ ನಯಾಗರ ನೋಡುವ ಕನಸು ಬೀಳಬಾರದು. ಬಿದ್ದರೆ ಮನೆಮಂದಿಯನ್ನು ಒಪ್ಪಿಸುವುದು ಕಷ್ಟ. ಇಲ್ಲಿ ಘಟಪ್ರಭೆ ಧುಮುಕುವುದು ಸುಮಾರು 52 ಮೀಟರ್, ಕೆನಡಾ ಬದಿಯ ಕುದುರೆಲಾಳದ ಜಲಪಾತ ಸುಮಾರು 57.

“ಐದ ಮೀಟರ್ ಸಲುವಾಗಿ ಒಬ್ಬನ ಅಷ್ಟ ದೂರ ಹೊಂಟಿಯೇನೋ ತಮ್ಮಾ?” ಎಂದು ಮೂಡಲಗಿಯ ಸೋದರಮಾವ ಕೇಳಿಯೇ ಕೇಳುತ್ತಾನೆ.

ಹುಕ್ಕೇರಿಯ ಬೀಗರಿಗೆ ತಮ್ಮ ತಾಲೂಕಿನ ಹಿಡಕಲ್ ಡ್ಯಾಮಿನದೇ ಜಂಬ: ಅಲ್ಲಿ ನೀರು ಬಿಟ್ಟರೆ ಇಲ್ಲಿ ಫಾಲ್ಸಿಗೆ ಕಳೆ. ನಯಾಗರವೂ ಅಷ್ಟೇನು ಸ್ವತಂತ್ರವಲ್ಲ ಬಿಡಿ. 1950ರ ಅಮೆರಿಕ–ಕೆನಡಾ ಒಪ್ಪಂದದಂತೆ ಪ್ರವಾಸಿ ಋತುವಿನ ಹಗಲಲ್ಲಿ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಬೀಳಬೇಕು. ರಾತ್ರಿ ಅದನ್ನು ಅರ್ಧಕ್ಕಿಳಿಸಿ ಉಳಿದದ್ದನ್ನು ವಿದ್ಯುತ್ತಿಗೆ ತಿರುಗಿಸಬಹುದು.

ಪಾಸ್‌ಪೋರ್ಟಿಗೆ ಬೆಳಗಾವಿ, ವೀಸಾಕ್ಕೆ ಇನ್ನೂ ದೂರ. ಎಷ್ಟು ಕಿಲೋ ಕರದಂಟು ಒಯ್ಯಬೇಕೆಂಬುದು ಮಾತ್ರ ಅಡುಗೆಮನೆಯಲ್ಲಿ ಆಗಲೇ ಮಂಜೂರಾಗಿರುತ್ತದೆ.