ಲಿಫ್ಟಿನ ಚಾವಿ ಕಿಸೆಯಲ್ಲಿಟ್ಟುಕೊಂಡ ಸಾಹೇಬರಿಗೆ

ಮಾನ್ಯ ಸಾಹೇಬರೇ,

ದೇಗಾಂವದ ಕಬ್ಬು ಬೆಳೆಗಾರನೊಬ್ಬನ ಶರಣು ಶರಣಾರ್ಥಿ. ಇತ್ತ ನಾವೆಲ್ಲ ಕ್ಷೇಮ. ಅತ್ತ ತಾವೂ ತಮ್ಮ ಚಾವಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಖಾಸಗಿಯಾಗಿಯೇ ಕಳಿಸಬಹುದಿತ್ತು. ಆದರೆ ತಮ್ಮ ಕಚೇರಿಯಲ್ಲಿ ಟಪಾಲು ತಗೊಳ್ಳುವ ಟೇಬಲ್ಲು ಮೂರನೇ ಮಹಡಿಯಲ್ಲಿದೆ, ಲಿಫ್ಟು ಬಂದ್ ಇದೆ. ಹೀಗಾಗಿ ಪತ್ರ ಬಹಿರಂಗವಾಯಿತು.

ತಾವು ಯಾವ ಊರಿನ ಯಾವ ಕಚೇರಿಯವರೆಂದು ನಾನು ಬರೆಯುವುದಿಲ್ಲ. ಬರೆದರೆ ಉಳಿದ ಕಚೇರಿಗಳ ಸಾಹೇಬರು ತಮ್ಮ ಹೆಸರು ಬಿಟ್ಟುಹೋಯಿತೆಂದು ಬೇಸರ ಮಾಡಿಕೊಂಡಾರು.

ಒಂದು ಕಾಗದಕ್ಕೆ ನಮ್ಮ ಅವ್ವನ ಹೆಬ್ಬೆಟ್ಟು ಬೇಕಾಗಿತ್ತು. ಅವ್ವನಿಗೆ ಮೊಣಕಾಲು ಹಿಡಿದು ವರ್ಷಗಳಾದವು. ತಮ್ಮ ಕಚೇರಿಯ ನೆಲಮಹಡಿಯಲ್ಲಿ ಲಿಫ್ಟು ಕಂಡು ಆಕೆ ಕೈಮುಗಿದಳು. ಮುಗಿಯುವ ಹಾಗೆಯೇ ಇತ್ತು ಬಿಡಿ. ಖಂಡೆ ಪೂಜೆಯ ಚೆಂಡು ಹೂವಿನ ಮಾಲೆ ಒಣಗಿ ಬಾಗಿಲ ಮೇಲೆ ಜೋತುಬಿದ್ದಿತ್ತು, ಗುಂಡಿಯ ಮೇಲೆ ಕುಂಕುಮ ಇತ್ತು, ಕೆಳಗೆ ನಿಂಬೆಹಣ್ಣಿನ ಹೋಳು ಕರ್ರಗಾಗಿತ್ತು. ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಸಿಪಾಯಿ ನಮ್ಮನ್ನು ಕನಿಕರದಿಂದ ನೋಡಿದ.

"ಲಿಫ್ಟ್ ಬಂದ್ ಐತ್ರಿ."

"ಕೆಟ್ಟೈತೇನ್ರಿ?"

"ಕೆಡಾಕ ಯಾರ್ ಹತ್ತ್ಯಾರ್ರಿ ಅದನ್ನ? ಛಲೋ ಐತಿ. ಚಾವಿ ಸಾಹೇಬ್ರ ಕಡೆ ಐತಿ."

"ಸಾಹೇಬ್ರು ಎಲ್ಲ್ಯದಾರ?"

"ಮ್ಯಾಲ ಅದಾರ್ರಿ."

ಚಾವಿ ತಿರುಗಿಸುವ ತೂತು ಕೆಳಗೆ, ಚಾವಿ ಮೇಲೆ. ಇದರ ಒಳಮರ್ಮ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಲಿಫ್ಟು ಬೇಕಾದವನು ಮೂರು ಮಹಡಿ ಹತ್ತಿ ಹೋಗಿ ಚಾವಿ ಕೇಳಬೇಕು, ಕೊಟ್ಟರೆ ತಗೊಂಡು ಕೆಳಗಿಳಿಯಬೇಕು, ಆಮೇಲೆ ಲಿಫ್ಟಿನಲ್ಲಿ ಮೇಲೆ ಬರಬೇಕು. ಅಷ್ಟು ಹತ್ತಿಳಿಯಬಲ್ಲವನಿಗೆ ಲಿಫ್ಟಿನ ಗರಜೇ ಇರುವುದಿಲ್ಲ, ಗರಜಿದ್ದವನು ಹತ್ತಲಾರ. ಅರ್ಜಿ ತಾನಾಗಿಯೇ ವಿಲೇವಾರಿ. ಇಂಥ ಸಲೀಸು ಆಡಳಿತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದಹಾಗೆ, ಬೀಗ-ಮೊಹರಿನ ವ್ಯವಹಾರ ನಮ್ಮ ಸೀಮೆಗೆ ಹೊಸದಲ್ಲ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ ನಮ್ಮ ಪಕ್ಕದ ಕಿತ್ತೂರಿಗೆ ಬಂದು ಸಂಸ್ಥಾನದ ಖಜಾನೆಗೆ ಮೊಹರು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆಗೆಯಿರೆಂದು ಗಡುವನ್ನೂ ಕೊಟ್ಟ. ಬಾಗಿಲೇನೋ ತೆಗೆಯಿತು. ಒಳಗಿನಿಂದ ಹೊರಬಂದದ್ದು ಮಾತ್ರ ಅವನು ಎಣಿಸಿದ್ದಲ್ಲ. ಇದನ್ನು ಬೆದರಿಕೆಯೆಂದು ತಿಳಿಯಬೇಡಿ. ಕಿತ್ತೂರು ಉತ್ಸವದ ವೇದಿಕೆಯಲ್ಲಿ ತಮ್ಮಂಥ ಸಾಹೇಬರೇ ಪ್ರತಿವರ್ಷ ಭಾವುಕರಾಗಿ ಹೇಳುವ ಕಥೆ.

ದೇಗಾಂವದ ಮಟ್ಟಿಗೆ ಹೇಳುವುದಾದರೆ ನಮ್ಮಲ್ಲಿ ಲಿಫ್ಟು ಬೇಕಾಗಿಲ್ಲ. ಹನ್ನೆರಡನೇ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಇಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ತಿಪ್ಪೋಜ ಅದರ ಶಿಲ್ಪಿ. ಗುಡಿಗೆ ಮೂರು ಗರ್ಭಗುಡಿ. ಮೂರೂ ಒಂದೇ ನೆಲದ ಮೇಲೆ, ಒಂದೇ ಸಾಲಿನಲ್ಲಿ. ನಾರಾಯಣನನ್ನು ಕೆಳಗಿಟ್ಟು ಕಮಲೆಯನ್ನು ಮೂರನೇ ಮಹಡಿಗೆ ಏರಿಸಿ, ದರ್ಶನಕ್ಕೆ ಬಂದವರನ್ನು ಮೆಟ್ಟಿಲ ಬುಡದಲ್ಲಿ ಕೂರಿಸುವ ಯೋಚನೆ ಪಾಪ ತಿಪ್ಪೋಜನಿಗೆ ಹೊಳೆಯಲಿಲ್ಲ. ಟೆಂಡರು ಕರೆಯದೆ ಕಟ್ಟಿದ ಕಟ್ಟಡ, ಹಾಗೇ ಆಗುತ್ತದೆ.

ಇರಲಿ. ತಮ್ಮ ಚಾವಿಯ ಮಹಿಮೆ ಕಂಡ ಮೇಲೆ ಲಿಫ್ಟಿನ ಚಾವಿಗಳ ವಿಷಯ ತಿಳಿಯಬೇಕೆನಿಸಿ ನನ್ನ ಅಕ್ಕನ ಮಗನನ್ನು ಹಿಡಿದು ಕೂರಿಸಿದೆ. ಹುಬ್ಬಳ್ಳಿಯಲ್ಲಿ ಲಿಫ್ಟು ರಿಪೇರಿ ಮಾಡುವ ಹುಡುಗ. ಬಾಯಿ ಬಿಟ್ಟರೆ ಹಗ್ಗ, ಗಾಲಿ, ಬ್ರೇಕು. "ಮಾಮಾ, ಚಾವಿ ಅಂದ್ರ ಒಂದಲ್ಲ" ಎಂದು ಶುರು ಮಾಡಿದ. ತಮ್ಮ ಕಿಸೆಯಲ್ಲಿರುವುದು ಅವುಗಳಲ್ಲಿ ಅತಿ ಬಡಪಾಯಿ ಚಾವಿಯಂತೆ. ಲಿಫ್ಟನ್ನು ಚಾಲೂ ಮಾಡುವುದು, ಬಂದ್ ಮಾಡುವುದು, ಅಷ್ಟೇ ಅದರ ಕಸುಬು. ರಾತ್ರಿ ಕಟ್ಟಡಕ್ಕೆ ಬೀಗ ಹಾಕುವಾಗ, ಇಲ್ಲವೇ ತೊಳೆಯುವ ನೀರು ಒಳಗಿಳಿದೀತೆಂಬ ಭಯವಿದ್ದಾಗ ಅದನ್ನು ತಿರುಗಿಸುತ್ತಾರೆ. ಬೆಳಿಗ್ಗೆ ಬಂದ ಕಾವಲುಗಾರ ಮತ್ತೆ ತಿರುಗಿಸಿ ಮರೆತುಬಿಡಬೇಕು. ಅದು ಯಾರ ಕೈಯಲ್ಲಿದ್ದರೂ ಯಾರ ಜೀವವೂ ಹೋಗುವುದಿಲ್ಲ.

ಅದರ ಅಣ್ಣ ಇನ್ನೊಂದಿದೆ. ಲಿಫ್ಟಿನ ಒಳಗಿನ ಫಲಕದಲ್ಲಿ ಅದನ್ನು ತಿರುಗಿಸಿದರೆ ಹೊರಗೆ ಯಾರು ಗುಂಡಿ ಒತ್ತಿದರೂ ಲಿಫ್ಟಿಗೆ ಕಿವಿ ಕೇಳಿಸದು. ಒಳಗಿದ್ದವರ ಮಾತಷ್ಟೇ ನಡೆಯುತ್ತದೆ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಒಯ್ಯುವಾಗ, ಮನೆ ಬದಲಿಸುವವರು ಕಪಾಟು ಸಾಗಿಸುವಾಗ ಬೇಕಾಗುವ ವ್ಯವಸ್ಥೆ. ತಾವು ಲಿಫ್ಟಿನಲ್ಲಿ ಹೋಗುವಾಗ ಒಂದನೇ, ಎರಡನೇ ಮಹಡಿಯಲ್ಲಿ ಕಾದು ನಿಂತವರ ಮುಂದೆ ಅದು ನಿಲ್ಲದೆ ಸಾಗುವ ಗುಟ್ಟು ನನಗೆ ಆಗ ತಿಳಿಯಿತು. ಲಿಫ್ಟು ಮೂಲದಿಂದಲೂ ಲಾಟಸಾಹೇಬರ ವಾಹನವೇ ಅನ್ನಿ. ನಮ್ಮ ದೇಶಕ್ಕೆ ಮೊದಲ ಲಿಫ್ಟು ಬಂದದ್ದು 1892ರಲ್ಲಿ, ಕಲ್ಕತ್ತೆಯ ರಾಜಭವನಕ್ಕೆ ಎನ್ನುತ್ತಾರೆ. ಪರಂಪರೆ ಉಳಿಸುವವರು ಬೇಕಲ್ಲ.

ಈಗ ಮುಖ್ಯ ಚಾವಿಯ ಮಾತು. ಇದಕ್ಕೆ ಹಲ್ಲಿಲ್ಲ. ಬೆರಳುದ್ದದ ಕಬ್ಬಿಣದ ಕೊಳವೆ, ಅದರ ತುದಿಯಲ್ಲಿ ಮೂರು ಮೂಲೆಯ ಗುಳಿ. ಪ್ರತಿ ಮಹಡಿಯ ಲಿಫ್ಟಿನ ಬಾಗಿಲ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ; ಒಳಗೆ ಮೂರು ಮೂಲೆಯ ಮೊಳೆ. ಕೊಳವೆ ತೂರಿಸಿ ತಿರುವಿದರೆ ಬಾಗಿಲು ಕೈಯಿಂದ ಸರಿಯುತ್ತದೆ, ಆ ಮಹಡಿಯಲ್ಲಿ ಲಿಫ್ಟು ಇದ್ದರೂ ಸರಿಯೇ, ಇಲ್ಲದಿದ್ದರೂ ಸರಿಯೇ. ಇಲ್ಲದಿದ್ದರೆ ಎದುರಿಗಿರುವುದು ಬಾವಿ.

ಹುಡುಗನ ದನಿ ಇಲ್ಲಿ ಬದಲಾಯಿತು. ಒಳಗೆ ಮಂದಿ ಸಿಕ್ಕಿಬಿದ್ದಾಗ ಅವರು ಮಾಡುವ ಕೆಲಸದಲ್ಲಿ ಈ ಚಾವಿಗೆ ಕಟ್ಟಕಡೆಯ ಸರದಿಯಂತೆ. ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಲಿಫ್ಟಿನ ಡಬ್ಬಿ ಎಲ್ಲಿ ನಿಂತಿದೆಯೆಂದು ನೋಡಬೇಕು. ಒಳಗಿದ್ದವರಿಗೆ ಬಾಗಿಲು ಒತ್ತಬೇಡಿ, ಸುಮ್ಮನೆ ನಿಲ್ಲಿ ಎಂದು ಕೂಗಿ ಹೇಳಬೇಕು. ಗಾಳಿ ಆಡಲು ಕಿಂಡಿ ಇರುತ್ತದೆ, ಉಸಿರುಗಟ್ಟುವುದಿಲ್ಲ. ಆಮೇಲೆ ಮಶೀನ್ ಕೋಣೆಯಲ್ಲಿ ಒಬ್ಬ ಬ್ರೇಕ್ ಸಡಿಲಿಸಿ, ಇನ್ನೊಬ್ಬ ಗಾಲಿ ತಿರುವಿ ಡಬ್ಬಿಯನ್ನು ಮಹಡಿಯ ಮಟ್ಟಕ್ಕೆ ತರಬೇಕು. ಅದಾದ ಮೇಲೆ ಮೂರು ಮೂಲೆಯ ಚಾವಿ. ಅದೂ ತರಬೇತಾದವನ ಕೈಯಲ್ಲಿ. ಬಾಗಿಲು ಮುಚ್ಚಿದ ಮೇಲೆ ಕೊಂಡಿ ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡದೆ ಅಲ್ಲಿಂದ ಕದಲಬಾರದು.

ಸಾಹೇಬರೇ, ಆ ಚಾವಿ ತಮ್ಮ ಕಚೇರಿಯಲ್ಲಿ ಎಲ್ಲಿದೆ ಗೊತ್ತೇ? ಚಹಾ ಕಾಸುವ ಮೂಲೆಯಲ್ಲಿ, ಜರಡಿ ನೇತುಹಾಕುವ ಮೊಳೆಗೆ ಜೋತುಬಿದ್ದಿದೆ. ನಾನು ಕಣ್ಣಾರೆ ಕಂಡೆ. ಸಿಪಾಯಿ ಅದರಿಂದಲೇ ವಿದ್ಯುತ್ ಪ್ಯಾನೆಲಿನ ಬಾಗಿಲು ತೆಗೆಯುತ್ತಾನಂತೆ, ಬೆನ್ನೂ ತುರಿಸಿಕೊಳ್ಳುತ್ತಾನೆ. "ಅದು ಇಲ್ಲಂದ್ರೂ ನಡೀತದ್ರಿ, ಸ್ಕ್ರೂಡ್ರೈವರ್ ಸಾಕು" ಎಂದ. ಆಳ ಬಾವಿಯ ಚಾವಿ ಚಹಾದ ಜರಡಿಯ ಜೊತೆಗೆ. ದೀಪ ಹತ್ತಿಸುವ ಚಾವಿ ಸಾಹೇಬರ ಕಿಸೆಯಲ್ಲಿ. ಜೀವ ತೆಗೆಯಬಲ್ಲದ್ದು ಎಲ್ಲರದು, ಮೊಣಕಾಲು ಉಳಿಸಬಲ್ಲದ್ದು ತಮ್ಮೊಬ್ಬರದು.

ಹಗ್ಗ ಕಡಿದು ಲಿಫ್ಟು ಬಿದ್ದೀತೆಂದು ನಮ್ಮ ಮಂದಿ ಇಂದಿಗೂ ಹೆದರುತ್ತಾರೆ. ಆ ಹೆದರಿಕೆಗೆ ಎಲಿಶಾ ಓಟಿಸ್ ಎಂಬಾತ 1854ರಲ್ಲೇ ಉತ್ತರ ಕೊಟ್ಟಿದ್ದ: ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನೇ ಅಟ್ಟಣಿಗೆಯ ಮೇಲೆ ನಿಂತು, ಮೇಲೇರಿ, ಎಲ್ಲರೆದುರು ಹಗ್ಗ ಕಡಿಸಿದ. ಬ್ರೇಕು ಹಿಡಿಯಿತು, ಬೀಳಲಿಲ್ಲ. ಕಾಯಬೇಕಾದದ್ದು ಬಾಗಿಲನ್ನು. ಬಾಗಿಲು ತೆರೆದಿದೆ, ಲಿಫ್ಟು ಬಂದಿದೆ ಎಂದುಕೊಂಡು ಮೊಬೈಲು ನೋಡುತ್ತ ಕಾಲಿಟ್ಟವನಿಗೆ ಓಟಿಸನ ಬ್ರೇಕು ಏನು ಮಾಡೀತು?

ಬೆಂಕಿಯ ಸ್ವಿಚ್ಚಿನ ಮಾತು ಇಲ್ಲಿ ಹೆಚ್ಚು ಬೇಡ. ಎತ್ತರದ ಕಟ್ಟಡಗಳಲ್ಲಿ ನೆಲಮಹಡಿಯಲ್ಲಿ ಗಾಜಿನ ಹಿಂದೆ ಅದಿರುತ್ತದೆ. ಒತ್ತಿದರೆ ಲಿಫ್ಟು ಉಳಿದವರ ಕರೆಯನ್ನೆಲ್ಲ ಬಿಟ್ಟು ಕೆಳಗೆ ಬಂದು ಅಗ್ನಿಶಾಮಕದವರ ಕೈವಶವಾಗುತ್ತದೆ. ಗಾಜು ಯಾಕೆಂದರೆ, ಚಾವಿ ಹುಡುಕುತ್ತ ಕೂರುವ ಹೊತ್ತು ಅದಲ್ಲ. ತಮ್ಮ ಕಚೇರಿ ಅಷ್ಟೇನೂ ಎತ್ತರವಿಲ್ಲ, ಬೆಂಕಿ ಬಿದ್ದರೆ ಎಲ್ಲರಿಗೂ ಮೆಟ್ಟಿಲೇ ಗತಿ. ಮೆಟ್ಟಿಲ ತಿರುವಿನಲ್ಲಿ ತಾವು ಹಳೇ ಕಬ್ಬಿಣದ ಕಪಾಟುಗಳನ್ನು ನಿಲ್ಲಿಸಿದ್ದೀರಿ. ಫೈಲುಗಳು ಮೊದಲು ಪಾರಾಗಲೆಂದು ಇರಬೇಕು.

ಚಾವಿ ಯಾಕೆ ಹಾಕಿಡುತ್ತೀರೆಂದು ಕೇಳಿದ್ದಕ್ಕೆ ತಮ್ಮ ಗುಮಾಸ್ತರು "ಕರೆಂಟ್ ಉಳಿತಾಯ" ಎಂದರು. ಉಳಿತಾಯದ ಮಾತಿಗೆ ನಾನು ತಲೆಬಾಗುತ್ತೇನೆ. ಪಂಪ್‌ಸೆಟ್ಟಿನ ಕರೆಂಟಿಗೆ ಅಪರಾತ್ರಿ ಎದ್ದು ಹೊಲಕ್ಕೆ ಹೋಗುವವನು ನಾನು. ಆದರೆ ಹುಡುಗ ಕಾಗದದ ಮೇಲೆ ಹಾಕಿ ತೋರಿಸಿದ ಲೆಕ್ಕ ಬೇರೆಯೇ ಇದೆ. ಲಿಫ್ಟೆಂದರೆ ತಕ್ಕಡಿ. ಒಂದು ಕಡೆ ನಾವು ನಿಲ್ಲುವ ಡಬ್ಬಿ, ಹಗ್ಗದ ಇನ್ನೊಂದು ತುದಿಗೆ ತೂಕದ ಕಟ್ಟು. ಆ ಕಟ್ಟಿನ ಭಾರ ಖಾಲಿ ಡಬ್ಬಿಯಷ್ಟು, ಅದರ ಮೇಲೆ ಪೂರ್ತಿ ಹೊರೆಯ ಹೆಚ್ಚುಕಡಿಮೆ ಅರ್ಧ. ತಮ್ಮದು ಆರು ಜನರ ಲಿಫ್ಟು, ಒಳಗೆ 408 ಕಿಲೋ ಎಂದು ಬರೆದಿರುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ತಲೆಗೆ 68 ಕಿಲೋ. (ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಣ್ಣುವ ಸೀಮೆಯನ್ನು ನೋಡದೆ ದಿಲ್ಲಿಯಲ್ಲಿ ಕೂತು ಹಾಕಿದ ಲೆಕ್ಕ, ಅದು ಬೇರೆ ಮಾತು.) ಅದರ ಅರ್ಧ 204. ಅಂದರೆ ಒಳಗೆ ಮೂವರು ನಿಂತರೆ ತಕ್ಕಡಿ ಸರಿಸಮ. ಮೋಟಾರಿಗೆ ಎತ್ತುವ ಕೆಲಸವೇ ಇಲ್ಲ, ಒಂದಿಷ್ಟು ತಿಕ್ಕಾಟ ನೀಗಿಸಿದರೆ ಸಾಕು.

ತಾವೊಬ್ಬರೇ ಹತ್ತಿ ಮೇಲೆ ಹೋಗುವಾಗ ಆ ತೂಕದ ಕಟ್ಟೇ ತಮ್ಮನ್ನು ಎಳೆದುಕೊಳ್ಳುತ್ತದೆ. ಸರ್ಕಾರಕ್ಕೆ ಖರ್ಚು ಅಷ್ಟಕ್ಕಷ್ಟೇ. ತಾವೊಬ್ಬರೇ ಸಂಜೆ ಕೆಳಗಿಳಿಯುವಾಗ ಮಾತ್ರ ಮೋಟಾರು 136 ಕಿಲೋ ಹೆಚ್ಚಿನ ಭಾರವನ್ನು ಮೇಲಕ್ಕೆ ಎಳೆಯಬೇಕು. ಹೀಗಾಗಿ ನಾಡಿನ ಕರೆಂಟು ಉಳಿಸಲು ತಮಗೆ ಎರಡು ದಾರಿ: ಇಳಿಯುವಾಗಲಾದರೂ ಮೆಟ್ಟಿಲು ಹಿಡಿಯಿರಿ. ಇಲ್ಲವೇ ಹತ್ತುವಾಗಲೂ ಇಳಿಯುವಾಗಲೂ ಇಬ್ಬರು ರೈತರನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಸಿಗುವುದು ಕಷ್ಟವೇನಲ್ಲ; ಮೆಟ್ಟಿಲ ಮೇಲೆ ಮಹಡಿಗೊಬ್ಬರಂತೆ ಏದುಸಿರು ಬಿಡುತ್ತ ಕೂತಿರುತ್ತಾರೆ.

ಕಾನೂನು ಏನು ಹೇಳುತ್ತದೆಂದು ತಮಗೆ ನಾನು ಹೇಳುವುದು ಅಧಿಕಪ್ರಸಂಗ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ 2012ರದೇ ಲಿಫ್ಟು-ಎಸ್ಕಲೇಟರ್‌ಗಳ ಕಾಯಿದೆಯೂ ನಮ್ಮ ರಾಜ್ಯಕ್ಕಿದೆ. ಅದರ ಪ್ರಕಾರ ಲಿಫ್ಟಿಗೆ ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದವರು ಬಂದು ತಪಾಸಣೆ ಮಾಡಬೇಕು. ಓಡದ ಲಿಫ್ಟಿನಲ್ಲಿ ಏನು ತಪ್ಪು ಸಿಕ್ಕೀತು? ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಂತೂ, ನಿಯಮ ಬಂದ ಐದು ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳೂ ಎಲ್ಲರಿಗೆ ಹೋಗಿಬರಲು ಅನುಕೂಲವಾಗಬೇಕು ಎನ್ನುತ್ತದೆ. ಆ ಗಡುವು ಮುಗಿದುಹೋಗಿದೆ. ತಮ್ಮ ಕಚೇರಿಯ ವರದಿಯಲ್ಲಿ "ಲಿಫ್ಟ್ ಸೌಲಭ್ಯ ಇದೆ" ಎಂದು ಬರೆದದ್ದೂ ಸುಳ್ಳಲ್ಲ. ಇದೆ. ಪೂಜೆ ಸಮೇತ ಇದೆ.

ಅವ್ವನ ಹೆಬ್ಬೆಟ್ಟಿನ ಕೆಲಸ ಆ ದಿನ ಆಗಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಿದ ಆಕೆ ತಮ್ಮ ಒಂದನೇ ಮಹಡಿಯ ತಿರುವಿನಲ್ಲಿ, ಆ ಕಪಾಟಿಗೆ ಒರಗಿ ಕೂತುಬಿಟ್ಟಳು. ರಿಜಿಸ್ಟರು ಕೆಳಗೆ ತರಬಹುದೇ ಎಂದು ನಾನು ಮೇಲೆ ಹೋಗಿ ಕೇಳಿದೆ. ರಿಜಿಸ್ಟರು ಭಾರವಿದೆ, ಮೆಟ್ಟಿಲಿಳಿಸುವುದು ಕಷ್ಟ ಎಂದರು.

ಆದ್ದರಿಂದ ನನ್ನ ಬಿನ್ನಹ ಸಣ್ಣದು. ಚಾವಿಗಳನ್ನು ಅದಲುಬದಲು ಮಾಡಿ. ಚಹಾದ ಮೂಲೆಯ ಮೂರು ಮೂಲೆಯದನ್ನು ತೆಗೆದು ತಮ್ಮ ಕಿಸೆಗೆ ಹಾಕಿಕೊಳ್ಳಿ, ಲಿಫ್ಟಿನ ಮೆಕ್ಯಾನಿಕ್ ಬಂದು ಕೇಳುವ ತನಕ ಯಾರಿಗೂ ಕೊಡಬೇಡಿ, ಅಪ್ಪನಾಣೆ ಹಾಕಿದರೂ ಕೊಡಬೇಡಿ. ನಾವು ಯಾರೂ ತಕರಾರು ಮಾಡುವುದಿಲ್ಲ. ಕಿಸೆಯ ಚಾವಿಯನ್ನು ಜರಡಿಯ ಮೊಳೆಗೆ ನೇತುಹಾಕಿ. ತಮ್ಮ ಕಿಸೆಯೂ ಖಾಲಿಯಾಗದು, ಮರ್ಯಾದೆಗೂ ಕುಂದಿಲ್ಲ. ಎಷ್ಟೆಂದರೂ ಹೊಸ ಚಾವಿ ಹಳೆಯದಕ್ಕಿಂತ ಗಟ್ಟಿ ಕಬ್ಬಿಣದ್ದು.

ಬರುವ ಸೋಮವಾರ ಅವ್ವನನ್ನು ಕರೆದುಕೊಂಡು ಮತ್ತೆ ಬರುತ್ತೇನೆ. ತಾವು ಬರುವ ಹೊತ್ತಿಗೆ ಕೆಳಗೆ ಲಿಫ್ಟಿನ ಮುಂದೆಯೇ ನಿಂತಿರುತ್ತೇವೆ. ತಾವು, ಅವ್ವ, ನಾನು. ಲೆಕ್ಕಕ್ಕೆ ಸರಿಯಾಗಿ ಮೂವರು.

ಇಂತಿ ತಮ್ಮ ವಿಧೇಯ,
ದೇಗಾಂವದ ಕಬ್ಬು ಬೆಳೆಗಾರ

ತಾ.ಕ.: ಅವ್ವ 68 ಕಿಲೋ ತೂಗುವುದಿಲ್ಲ. ತಕ್ಕಡಿಗೆ ಕಡಿಮೆ ಬೀಳುವ ಭಾರಕ್ಕೆ ನಮ್ಮ ಕಾಗದಪತ್ರಗಳ ಗಂಟು ತರುತ್ತೇವೆ.